ಸರ್ವೋತ್ತಮರ ನಿದ್ದೆಯ ಯಂತ್ರ

ಎಲ್ಲದಕ್ಕೂ ಕಾರಣ, ಮನೋರಮಾ ಕಿಟಕಿಯ ಪರದೆಗಳನ್ನು ಒಗೆಯಲು ತೆಗೆದದ್ದು. ಗಂಡಿನ ಕಡೆಯವರು ಬರುವ ದಿನ ಪರದೆ ಮಾಸಿದ್ದರೆ ಹೇಗೆ ಎಂದು ಶನಿವಾರ ಸಂಜೆಯೇ ಎಲ್ಲವನ್ನೂ ಇಳಿಸಿ ನೆನೆಹಾಕಿದ್ದರು. ಹಾಗಾಗಿ ಭಾನುವಾರ ಬೆಳಿಗ್ಗೆ ಹಾಲು ತರಲು ಹೊರಟ ಪಕ್ಕದ ಮನೆಯ ಫೌಸ್ಟಿನ್ ಪೊರ್ಬುಗಳಿಗೆ ಒಳಗಿನ ದೃಶ್ಯ ಪೂರ್ತಿ ಕಂಡಿತು. ಮನೋರಮಾರ ಗಂಡ ಸರ್ವೋತ್ತಮರು ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಅದಕ್ಕೊಂದು ಉದ್ದ ಕೊಳವೆ ಜೋಡಿಸಿಕೊಂಡು ಅಂಗಾತ ಮಲಗಿದ್ದರು.

ಫೌಸ್ಟಿನ್ ಇಪ್ಪತ್ತೆರಡು ವರ್ಷ ಕುವೈತಿನ ಎಣ್ಣೆ ಕಂಪೆನಿಯಲ್ಲಿದ್ದು ಬಂದವರು. ಕೊಳವೆಯ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಾಲು ತರುವುದನ್ನು ಅಲ್ಲಿಗೇ ಬಿಟ್ಟು ಮನೆಗೆ ಓಡಿದರು.

“ಜೆಸ್ಸೀ, ಸರ್ವೋತ್ತಮಣ್ಣನಿಗೆ ಆಕ್ಸಿಜನ್ ಇಟ್ಟಿದ್ದಾರೆ ಮಾರಾಯ್ತಿ! ಬಹಳ ಸೀರಿಯಸ್ ಅಂತ ಕಾಣ್ತದೆ.”

ಅದು ಆಕ್ಸಿಜನ್ ಅಲ್ಲ. ನಿದ್ದೆಯಲ್ಲಿ ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತದೆ ಎಂದು ಡಾಕ್ಟರು ಕೊಡಿಸಿದ, ಮೂಗಿಗೆ ಗಾಳಿ ಊದುವ ಯಂತ್ರ. ಬಂದು ಹನ್ನೆರಡು ದಿನವಾಗಿತ್ತು. ಆದರೆ ಬೆಳಗಿನ ಮಂಪರು ಮಾತ್ರ ಇಳಿದಿರಲಿಲ್ಲ. ಏಳುವಾಗ ತಲೆ ಒದ್ದೆ ಗೋಣಿಚೀಲದ ಹಾಗೆ ಭಾರ. ಹೋದ ವಾರ ಕೆನ್ನೆಗೆ ಟೂತ್‌ಪೇಸ್ಟ್ ಹಚ್ಚಿಕೊಂಡು ರೇಜರ್ ಹಿಡಿದು ನಿಂತಿದ್ದರು. ಮರುದಿನ ಬಸ್ಸಿನಲ್ಲಿ ತೂಕಡಿಸಿ, ಅಂಬಲಪಾಡಿಯಲ್ಲಿ ಇಳಿಯಬೇಕಾದವರು ಉದ್ಯಾವರದಲ್ಲಿ ಇಳಿದಿದ್ದರು. “ಹೊಸತರಲ್ಲಿ ಕೆಲವರಿಗೆ ಹಾಗೆ ಆಗ್ತದೆ. ಬಿಡದೆ ಹಾಕಿಕೊಳ್ಳಿ, ಬೆಳಿಗ್ಗೆ ಬಿಸಿಲಲ್ಲಿ ಸ್ವಲ್ಪ ಕೂತ್ಕೊಳ್ಳಿ” ಎಂದಿದ್ದರು ಡಾಕ್ಟರು. ಹತ್ತು ಗಂಟೆಯ ತನಕ ಯಾರು ಏನು ಕೇಳಿದರೂ ಸರ್ವೋತ್ತಮರದ್ದು ಒಂದೇ ಉತ್ತರ, “ಹೂಂ.”

ಯಂತ್ರದ ಸುದ್ದಿ ಹೊರಗೆ ಹೋಗಬಾರದೆಂದು ಅವರು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದರು. ಮಗಳು ದೀಕ್ಷಿತಾ ಕಾಪುವಿನಲ್ಲಿ ಟೀಚರು, ಬರುವ ತಿಂಗಳಿಗೆ ಮೂವತ್ತು. ಎರಡು ಸಂಬಂಧ ತಪ್ಪಿತ್ತು. ಅದರಲ್ಲೊಂದು, ಹುಡುಗಿಯ ಸೋದರಮಾವನಿಗೆ ದಮ್ಮು ಉಂಟೆಂದು ಯಾರೋ ಊದಿದ್ದಕ್ಕೆ. ಮಾವನ ದಮ್ಮೇ ಅಷ್ಟು ದೂರ ಹೋದರೆ ಅಪ್ಪನ ಮೂಗು ಎಲ್ಲಿಯ ತನಕ ಹೋದೀತು? ತನ್ನಿಂದಾಗಿ ಮಗಳ ಮದುವೆ ನಿಂತರೆ ಎಂಬುದೇ ಅವರ ಚಿಂತೆ.

ಏಳೂವರೆಗೆ ಸರ್ವೋತ್ತಮರು ಜಗಲಿಯ ಬಿಸಿಲಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ ಫೌಸ್ಟಿನ್‌ರ ಹೆಂಡತಿ ಜೆಸ್ಸಿ ಬಾಯಿ ಒಂದು ಬ್ರೆಡ್ಡು, ಎರಡು ಎಳನೀರಿನ ಬೊಂಡ ಹಿಡಿದುಕೊಂಡು ಬಂದರು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ಇಲ್ಲಿಲ್ಲ.

“ತುಂಬ ಕಷ್ಟ ಆಗ್ತದಾ ಸರ್ವೋತ್ತಮಣ್ಣ?”

“ಹೂಂ.”

“ಉಸಿರು ಸಿಗುದಿಲ್ವಾ?”

“ಹೂಂ.”

“ಆಂಬುಲೆನ್ಸಿಗೆ ಫೋನ್ ಮಾಡ್ಲಿಕ್ಕೆ ಹೇಳ್ಲಾ ಇವರತ್ರ?”

“ಹೂಂ.”

ಜೆಸ್ಸಿ ಬಾಯಿ ಕಣ್ಣೊರೆಸಿಕೊಂಡು ಹೋದರು. ಆಮೇಲೆ ಆಚೆ ಮನೆಯವರು ಬಂದರು, ರಸ್ತೆಯ ತುದಿಯ ಅಂಗಡಿಯವರು ಬಂದರು, ಬಾಡಿಗೆ ರೂಮಿನ ಹುಡುಗಿಯರೂ ಬಂದರು. ಒಂಬತ್ತು ಗಂಟೆಗೆ ಅಡುಗೆಮನೆಯಲ್ಲಿ ಬ್ರೆಡ್ಡಿನ ರಾಶಿ, ಬೊಂಡದ ರಾಶಿ. ಮನೋರಮಾ ಉಪ್ಪಿಟ್ಟು ತಿರುವುತ್ತ, “ನೋಡು ದೀಕ್ಷಿತಾ, ನೆಂಟರು ಬರ್ತಾರೆ ಅಂತ ಅಕ್ಕಪಕ್ಕದವರು ಎಷ್ಟು ಮುತುವರ್ಜಿ ಮಾಡ್ತಾರೆ! ಆದರೆ ಹೆಣ್ಣು ನೋಡ್ಲಿಕ್ಕೆ ಬಂದವರಿಗೆ ಬ್ರೆಡ್ ಕೊಡುದು ಹೇಗೆ?” ಎನ್ನುತ್ತಿದ್ದರು.

ಹತ್ತು ಗಂಟೆಗೆ ಸರ್ವೋತ್ತಮರ ಮಂಪರು ಇಳಿಯಿತು. ಬ್ರೆಡ್ಡು ಕಂಡಿತು. ಬೇಲಿಯಾಚೆ ಯಾರೋ, “ಪೊರ್ಬುಗಳೇ ನೋಡಿದ್ದಂತೆ, ಆಕ್ಸಿಜನ್” ಎಂದದ್ದು ಕೇಳಿ ವಿಷಯ ತಿಳಿಯಿತು. ಯಂತ್ರವನ್ನು ಬೀರುವಿನಲ್ಲಿ ಹೆಂಡತಿಯ ಸೀರೆಗಳ ಅಡಿಯಲ್ಲಿ ತುರುಕಿ, ಬೇಲಿಯ ಹತ್ತಿರ ಓಡಿದರು.

“ಪೊರ್ಬುಗಳೇ, ಅದು ಆಕ್ಸಿಜನ್ ಅಲ್ಲ. ಗೊರಕೆಗೆ ಇರುವ ಒಂದು ಮಿಷನ್. ನನಗೆ ಎಂತದೂ ಆಗಿಲ್ಲ!”

ಫೌಸ್ಟಿನ್ ಅವರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. “ಧೈರ್ಯ ಬಿಡಬೇಡಿ. ಏಳೂವರೆಯಿಂದ ಫೋನ್ ಮಾಡಿ ಮಾಡಿ ಈಗಷ್ಟೇ ಸಿಕ್ಕಿತು, ಈಗ ಬರ್ತದೆ.”

“ಎಂತ ಬರ್ತದೆ?”

ಪರ್ಕಳದ ಏರಿನಲ್ಲಿ ಸೈರನ್ ಕೇಳಿಸಿತು. ಕೂಗುತ್ತ ಬಂದ ಆಂಬುಲೆನ್ಸ್ ಗೇಟಿನಲ್ಲಿ ನಿಂತಿತು. ಅದರ ಹಿಂದೆಯೇ ಕಾರ್ಕಳದಿಂದ ಬಂದ ಗಂಡಿನ ಕಡೆಯವರ ಬಿಳಿ ಕಾರು.

ಡ್ರೈವರ್ ಲೆಸ್ಟರ್ ಕೆಳಗೆ ಹಾರಿ, “ಪೇಶಂಟ್ ಎಲ್ಲಿ?” ಎಂದ. “ಇಲ್ಲಿ ಪೇಶಂಟ್ ಇಲ್ಲ, ನಿಮಗೆ ಅಡ್ರೆಸ್ ತಪ್ಪಿದೆ” ಎಂದರು ಸರ್ವೋತ್ತಮರು. ಬೇಲಿಯುದ್ದಕ್ಕೂ ನಿಂತಿದ್ದ ನೆರೆಹೊರೆಯೆಲ್ಲ ಒಟ್ಟಿಗೆ ಬೆರಳು ತೋರಿಸಿತು. ಹುಡುಗನ ತಾಯಿ ಬಾಳೆಎಲೆಯಲ್ಲಿ ಸುತ್ತಿದ ಮಲ್ಲಿಗೆ ಮಾಲೆಯ ಅಟ್ಟೆ ಹಿಡಿದು ಕಾರಿನ ಬಾಗಿಲಲ್ಲೇ ನಿಂತುಬಿಟ್ಟರು. ಸರ್ವೋತ್ತಮರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಲೆಸ್ಟರ್ ತಿರುಗಿ ನೋಡಿದ. “ಅರೆ, ರಿತೇಶ್ ಸರ್! ನೀವು ಇಲ್ಲಿ ಎಂತ?”

ಕಾರಿನಿಂದ ಇಳಿದ ಹುಡುಗ ನಕ್ಕ. ಆಮೇಲೆ ಸರ್ವೋತ್ತಮರ ಕೆನ್ನೆಯ ಮೇಲಿನ ಪಟ್ಟಿಯ ಗುರುತನ್ನು ನೋಡಿ ಮೆಲ್ಲಗೆ ಕೇಳಿದ, “ಅಂಕಲ್, ನೀವು ನಿದ್ದೆಯ ಮಿಷನ್ ಹಾಕ್ತೀರಿ ಅಲ್ವಾ? ನಾನು ಮಣಿಪಾಲದ ಆಸ್ಪತ್ರೆಯಲ್ಲಿ ಅದೇ ವಿಭಾಗದ ಟೆಕ್ನೀಶಿಯನ್.” ಮದುವೆಯ ದಲ್ಲಾಳಿ ಈ ಮಾತನ್ನು ಹೇಳಿದ್ದು ಒಂದು ದಿನ ಬೆಳಿಗ್ಗೆ ಎಂಟು ಗಂಟೆಗೆ, ಸರ್ವೋತ್ತಮರ ತಲೆಗೆ ಹೋಗಿರಲಿಲ್ಲ.

ರಿತೇಶನೇ ಎಲ್ಲರಿಗೂ ಬಿಡಿಸಿ ಹೇಳಿದ. ಇದು ಭಯಪಡುವ ಕಾಯಿಲೆ ಅಲ್ಲ, ಚಿಕಿತ್ಸೆ ತೆಗೆದುಕೊಳ್ಳದಿದ್ದರೆ ಮಾತ್ರ ಕಷ್ಟ. ಹುಡುಗನ ತಾಯಿ, “ಇಷ್ಟೆಯಾ! ನನ್ನ ಜೀವ ಹೋಗಿ ಬಂತು” ಎಂದು ನಕ್ಕು ಮಲ್ಲಿಗೆಯನ್ನು ದೀಕ್ಷಿತಾಳ ಕೈಯಲ್ಲಿಟ್ಟರು. ಆಂಬುಲೆನ್ಸ್ ಎರಡು ಬೊಂಡ ಹೇರಿಕೊಂಡು ವಾಪಸು ಹೋಯಿತು. ಹುಡುಗ ಹುಡುಗಿ ಹಿತ್ತಿಲಲ್ಲಿ ಅರ್ಧ ಗಂಟೆ ಮಾತಾಡಿ, ಒಪ್ಪಿಗೆಯ ಮುಖ ಹೊತ್ತು ಬಂದರು. ಸರ್ವೋತ್ತಮರಿಗೆ ಕಣ್ಣು ತುಂಬಿ ಬಂತು. ಹನ್ನೆರಡು ದಿನದ ಭಾರ ಇಳಿದ ಸಂತೋಷಕ್ಕೆ ಯಂತ್ರವನ್ನು ತಾವೇ ಸೀರೆಗಳಡಿಯಿಂದ ತೆಗೆದು ತಂದು ಚಾವಡಿಯ ನಡುವೆ ಇಟ್ಟರು.

“ಮಿಷನ್ ಒಳ್ಳೆಯದೇ. ಆದರೆ ರಾತ್ರಿ ಇಡೀ ಹಾಕಿದರೂ ಬೆಳಿಗ್ಗೆ ಈ ಮಂಪರು ಯಾಕೆ ಹೋಗುದಿಲ್ಲ? ಮಿಷನ್ ಕಂಪೆನಿಯದ್ದೇ ಏನೋ ತಪ್ಪು.”

“ಹೌದು” ಎಂದರು ಮನೋರಮಾ. “ಇವರ ಗೊರಕೆಗೆ ಹೆದರಿ ನಾನು ಮಗಳ ಕೋಣೆಯಲ್ಲಿ ಮಲಗುದು. ಆರು ಗಂಟೆಗೆ ಕಾಫಿ ತೆಗೊಂಡು ಹೋಗುವಾಗ ಹಾಕಿಯೇ ಇರ್ತಾರೆ ಪಾಪ.”

ರಿತೇಶ ಯಂತ್ರ ಮಗುಚಿ ಅಡಿಯ ನಂಬರು ಓದಿದ. ಮೊಬೈಲ್ ನೋಡಿದ. ಮುಖ ಸ್ವಲ್ಪ ಕೆಂಪಾಯಿತು. “ಅಂಕಲ್, ಒಂದು ನಿಮಿಷ ಹೊರಗೆ ಬರ್ತೀರಾ?”

“ಹೊರಗೆ ಯಾಕೆ? ಎಲ್ಲರ ಎದುರೇ ಹೇಳಿ ಮಾರಾಯ್ರೆ. ಇನ್ನು ನನಗೆ ಮುಚ್ಚಿಡ್ಲಿಕ್ಕೆ ಎಂತ ಉಂಟು?”

“ಇದರೊಳಗೆ ಒಂದು ಸಿಮ್ ಉಂಟು. ಎಷ್ಟು ಹೊತ್ತು ಹಾಕಿದ್ದು ಅಂತ ದಿನಾ ನಮ್ಮ ಕಂಪ್ಯೂಟರಿಗೆ ಬರ್ತದೆ. ಈ ನಂಬರಿನವರು ಹನ್ನೆರಡು ದಿನವೂ ರಾತ್ರಿ ಹನ್ನೊಂದಕ್ಕೆ ಹಾಕಿ, ಹನ್ನೊಂದೂ ಹತ್ತಕ್ಕೆ ತೆಗೆದಿದ್ದಾರೆ. ಪುನಃ ಹಾಕುದು ಬೆಳಿಗ್ಗೆ ಐದೂ ಐವತ್ತೈದಕ್ಕೆ.”

ಈ ವಿಷಯವನ್ನು ಸರ್ವೋತ್ತಮರು ಹೆಂಡತಿಗೆ ಹೇಳಿರಲಿಲ್ಲ. ಕತೆ ಹೇಳುವ ನನಗೂ ಹೇಳಿರಲಿಲ್ಲ.

ಮನೋರಮಾ ಗಂಡನನ್ನು ನೋಡಿದ ನೋಟಕ್ಕೆ ಯಾವ ಮಾಸ್ಕೂ ಅಡ್ಡ ಬರುವಂತಿರಲಿಲ್ಲ.

“ಬೇಸರ ಮಾಡಬೇಡಿ ಮಾವ” ಎಂದ ರಿತೇಶ. ಅವನ ಬಾಯಲ್ಲಿ ಅಂಕಲ್ ಹೋಗಿ ಮಾವ ಬಂದದ್ದನ್ನು ಎಲ್ಲರೂ ಗಮನಿಸಿದರು. “ನೀವು ಒಪ್ಪಿದರೆ ನಾಳೆಯಿಂದ ಬೆಳಿಗ್ಗೆ ಏಳು ಗಂಟೆಗೆ ಹಿಂದಿನ ರಾತ್ರಿಯ ರಿಪೋರ್ಟ್ ಅತ್ತೆಯ ವಾಟ್ಸಾಪಿಗೆ ಕಳಿಸ್ತೇನೆ.”

ಒಪ್ಪುವುದಿಲ್ಲ ಎನ್ನಲು ಸರ್ವೋತ್ತಮರು ಬಾಯಿ ತೆರೆದರು. ಎದುರಿನ ಬಾಗಿಲಲ್ಲಿ ದೀಕ್ಷಿತಾ ಮಲ್ಲಿಗೆ ಮುಡಿದು ನಗುತ್ತಾ ನಿಂತಿದ್ದಳು. ಮೂರನೆಯ ಸಂಬಂಧ. ಅವರು ತೆರೆದ ಬಾಯನ್ನು ಹಾಗೆಯೇ ಮುಚ್ಚಿದರು. ಅಷ್ಟರಲ್ಲಿ ಮನೋರಮಾ ಆಗಲೇ ಭಾವೀ ಅಳಿಯನಿಗೆ ತಮ್ಮ ಫೋನ್ ನಂಬರನ್ನು ಒಂದೊಂದೇ ಅಂಕೆಯಾಗಿ, ಬಿಡಿಸಿ ಬಿಡಿಸಿ ಬರೆಸುತ್ತಿದ್ದರು.