ಮಳೆ ಅಳೆದು ಟಯರು ಹಾಕಿದ್ದು

ನಾನು ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವನಲ್ಲ. ಈ ಮಾತನ್ನು ಕಂಡಕಂಡವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ. ಕಳೆದ ಸೋಮವಾರ ಪೆಟ್ಟು ಬಿದ್ದ ಮೇಲೆ ಬಿಟ್ಟಿದ್ದೇನೆ. ಬಾಳೂರಿನ ಕಾಫಿ ಎಸ್ಟೇಟೊಂದರಲ್ಲಿ ನಾನು ಲೆಕ್ಕಪತ್ರ ಬರೆಯುವ ರೈಟರು. ನನಗೂ ಹೆಂಡತಿ ವಿಮಲಳಿಗೂ ಒಂದೇ ವರ್ಷ ಸಕ್ಕರೆ ಕಾಯಿಲೆ ಅಮರಿಕೊಂಡಿತು. ಮೂಡಿಗೆರೆಯ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, "ಮೂರು ತಿಂಗಳು ಟೈಮ್ ಕೊಡ್ತೀನಿ. ಇಬ್ರೂ ಮೈ ಬಗ್ಸಿ. ಇಳೀಲಿಲ್ಲ ಅಂದ್ರೆ ಇನ್ಸುಲಿನ್" ಎಂದರು. ಸೂಜಿ ಎಂದರೆ ನನ್ನ ಕೈಕಾಲು ತಣ್ಣಗಾಗುತ್ತದೆ. ಆ ವಾರವೇ ಸೈಕಲ್ ತಂದೆ. ಅದೂ ಅಂತಿಂಥದ್ದಲ್ಲ, ಟಾರು, ಕೆಸರು, ಹುಲ್ಲು, ಜಲ್ಲಿ ಎಲ್ಲದರ ಮೇಲೂ ಓಡುವ ಸೈಕ್ಲೋಕ್ರಾಸ್!

ಓಡುವುದು ಸೈಕಲ್ಲಲ್ಲ, ಟಯರು ಎಂದು ಆಮೇಲೆ ತಿಳಿದು ಗಾಬರಿಯಾಯಿತು. ಒಣ ನೆಲಕ್ಕೆ ನುಣುಪು ಟಯರು, ಕೆಸರಿಗೆ ಮೈತುಂಬ ರಬ್ಬರಿನ ಉಬ್ಬುಗಳಿರುವ ಗುಬ್ಬಿ ಟಯರು, ನಡುವಿನ ಹದಕ್ಕೆ ಇನ್ನೊಂದು. ಮೂರು ಜೊತೆ ತರಿಸಿದೆ. ಗಾಳಿಯೂ ಅಷ್ಟೇ, ಕೆಸರಿಗೆ ಕಡಿಮೆ, ಟಾರಿಗೆ ಹೆಚ್ಚು. ನಾನು ಇದನ್ನೆಲ್ಲ ವಿವರಿಸುವಾಗ ವಿಮಲ ಅವರೆಕಾಯಿ ಸುಲಿಯುತ್ತಾ "ಹ್ಞೂಂ" ಎನ್ನುತ್ತಿದ್ದಳು. ಪಾಪ, ತಲೆಗೆ ಹೋಗುತ್ತಿಲ್ಲ ಎಂದುಕೊಂಡೆ.

ಕಾಫಿ ಸೀಮೆಯ ನಾವು ಹಲ್ಲುಜ್ಜುವ ಮೊದಲೇ ಮಳೆ ಅಳೆಯುವವರು. ಎಷ್ಟು ಇಂಚು, ಇಂಚಿನ ನೂರರಲ್ಲಿ ಎಷ್ಟು ಪಾಲು ಅಂದರೆ ಎಷ್ಟು ಸೆಂಟು ಎಂದು ಫೋನಿನಲ್ಲಿ ವಿಚಾರಿಸಿಕೊಂಡ ಮೇಲೆಯೇ ಕ್ಷೇಮಸಮಾಚಾರ. ಹಾಗಾಗಿ ಟಯರನ್ನೂ ಮಳೆಮಾಪಕ ನೋಡಿಯೇ ತೀರ್ಮಾನಿಸಿದೆ. ಇಪ್ಪತ್ತು ಸೆಂಟಿನವರೆಗೆ ನುಣುಪು, ಅರವತ್ತರವರೆಗೆ ನಡುವಿನದು, ಆಮೇಲೆ ಗುಬ್ಬಿ. ಒಂದು ಜೊತೆ ಬಿಚ್ಚಿ ಇನ್ನೊಂದನ್ನು ಕೂರಿಸಲು ಒಂದೂವರೆ ಗಂಟೆ. ಅಷ್ಟರಲ್ಲಿ ಚುರುಗುಟ್ಟುವ ಬಿಸಿಲು. ಮತ್ತೆ ಬದಲಾಯಿಸುವಷ್ಟರಲ್ಲಿ ಮೋಡ. ಅಳೆದದ್ದು ನಿನ್ನೆಯ ಮಳೆ, ಓಡಿಸಬೇಕಾದದ್ದು ಇವತ್ತಿನ ರಸ್ತೆಯಲ್ಲಿ ಎಂಬುದು ನನ್ನಂಥ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ. ಪಕ್ಕದ ಮನೆಯ ಜೀಪ್ ಡ್ರೈವರ್ ನಾಗೇಶ, "ಒಂದ್ಸಲ ಹತ್ತಿ ಮಾರಾಯ್ರೆ, ನೋಡಾಣ" ಎಂದ. ರಸ್ತೆ ಹದಕ್ಕೆ ಬರಲಿ ಎಂದು ಅವನದೇ ಜೀಪು ಹತ್ತಿ ಆಫೀಸಿಗೆ ಹೋದೆ.

ಈ ನಡುವೆ ಇನ್ನೊಂದು ಆಘಾತ. ಬೆಳಿಗ್ಗೆ ಒರೆಸಿ ನಿಲ್ಲಿಸಿ ಹೋದ ಸೈಕಲ್ಲನ್ನು ಮಧ್ಯಾಹ್ನ ಬಂದು ನೋಡಿದರೆ ಟಯರಿನ ಗಾಳಿ ನಾನು ತುಂಬಿಸಿದಷ್ಟಿಲ್ಲ, ಸಂದಿನಲ್ಲಿ ಹಸಿ ಮಣ್ಣು. ನಿಂತಲ್ಲೇ ಟಯರು ಸವೆಯುತ್ತಿದೆ! ಮಾರಿದವರಿಗೆ ಎರಡು ಪುಟ ದೂರು ಬರೆದೆ.

ಮೂರು ತಿಂಗಳ ಗಡುವು ಮುಗಿದ ಆ ಸೋಮವಾರ ಡಾಕ್ಟರಮ್ಮ ರಿಪೋರ್ಟು ನೋಡಿ ಹುಬ್ಬೇರಿಸಿದರು. "ಭೇಷ್! ಪೂರ್ತಿ ಹತೋಟಿಗೆ ಬಂದಿದೆ. ಏನ್ಮಾಡಿದ್ರಿ?"

ನಾನು ಬಾಯಿ ತೆರೆದೆ.

"ನಿಮ್ಮನ್ನಲ್ಲ" ಎಂದು ವಿಮಲಳ ಕಡೆ ತಿರುಗಿದರು.

"ಇವ್ರು ಆಫೀಸಿಗೆ ಹೋದ್ಮೇಲೆ ದಿನಾ ಸೈಕಲ್ ಹತ್ತಿ ಒಂದು ಸುತ್ತು ಹೋಗ್ಬರ್ತೀನಿ ಮೇಡಂ."

ಮೂವತ್ತು ವರ್ಷ ಸಂಸಾರ ಮಾಡಿದವನ ಬಾಯಿಂದ ಹೊರಟದ್ದು ಒಂದೇ ಪ್ರಶ್ನೆ: "ಯಾವ ಟಯರಲ್ಲಿ?"

"ಯಾವ್ದು ಹಾಕಿರ್ತೀರೋ ಅದ್ರಲ್ಲಿ. ಕೆಸರು ಬಂದ್ರೆ ಸ್ವಲ್ಪ ಗಾಳಿ ಬಿಡ್ತೀನಿ, ಟಾರು ಸಿಕ್ಕಿದ್ರೆ ಪಂಪ್ ಹೊಡಿತೀನಿ. ನೀವೇ ಹೇಳ್ಕೊಟ್ಟಿದ್ದಲ್ವೇನ್ರೀ?"

ಡಾಕ್ಟರಮ್ಮ ನನ್ನ ಚೀಟಿಯ ಮೇಲೆ ಇನ್ಸುಲಿನ್ ಬರೆದರು. ಈಗ ಬೆಳಿಗ್ಗೆ ವಿಮಲಳೇ ನನಗೆ ಸೂಜಿ ಚುಚ್ಚಿ, ನನ್ನೆದುರೇ ಸೈಕಲ್ ಹತ್ತಿ ಹೊರಡುತ್ತಾಳೆ. ಅವಳು ಬಂದ ಮೇಲೆ ಟಯರಿನ ಮಣ್ಣು ಕೆರೆಯುವ ಕೆಲಸ ಮಾತ್ರ ಇನ್ನೂ ನನ್ನದೇ. ಡಾಕ್ಟರಮ್ಮನನ್ನು ಕೇಳಿದೆ, ಅದು ವ್ಯಾಯಾಮದ ಲೆಕ್ಕಕ್ಕೆ ಬರುವುದಿಲ್ಲವಂತೆ.