ಏಳು ವರ್ಷದ ನೀಲಿ

ಎಲ್ಲ ಶುರುವಾದದ್ದು ಒಂದು ಮದುವೆ ಊಟದಲ್ಲಿ. ಪಲಾವಿನ ತಟ್ಟೆಯ ಆ ಕಡೆ ಕಂಟ್ರಾಕ್ಟರ್ ಸುವನ್‌ಕುಲ್, ಈ ಕಡೆ ಬಣ್ಣದಂಗಡಿಯ ನೋರ್ಮುರಾದ್. ಸುವನ್‌ಕುಲ್ ಊರಾಚೆ ಹೊಸ ಮನೆಗಳ ಇಡೀ ಬೀದಿಯನ್ನೇ ಕಟ್ಟಿಸುತ್ತಿರುವುದು ತೆರ್ಮಿಜ್ ಪಟ್ಟಣಕ್ಕೆಲ್ಲ ಗೊತ್ತು. "ಅಲ್ಲಪ್ಪಾ, ನಿನ್ನ ಬಣ್ಣ ನಮ್ಮ ಬಿಸಿಲಿಗೆ ಎಷ್ಟು ಕಾಲ ತಡೆಯುತ್ತೆ?" ಎಂದು ಆತ ಕೇಳಿದ್ದೇ ತಡ, ನೋರ್ಮುರಾದನ ನಾಲಿಗೆ ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯಿತು.

"ಏಳು ವರ್ಷ ಸಾಹೇಬ್ರೆ! ನಮ್ಮನೆ ಗೋಡೆಗೆ ಬಳಿದು ಏಳು ವರ್ಷ ಆಯ್ತು, ನಿನ್ನೆ ಬಳಿದ ಹಾಗಿದೆ. ಬೇಕಾದ್ರೆ ಬಂದು ನೋಡಿ!"

"ಸರಿ, ನಾಳೆ ಸಂಜೆ ಬರ್ತೀನಿ" ಎಂದುಬಿಟ್ಟ ಪುಣ್ಯಾತ್ಮ.

ಏಳು ವರ್ಷವಂತೆ! ತೆರ್ಮಿಜ್‌ನ ಬಿಸಿಲಿಗೆ ಮೊದಲ ಬೇಸಿಗೆಯಲ್ಲೇ ಬಣ್ಣದ ಹೊಳಪು ಹೋಗುತ್ತದೆ. ಎರಡನೆಯದರಲ್ಲಿ ಮುಟ್ಟಿದವರ ಕೈಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಮೂರನೆಯದರಲ್ಲಿ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನೋರ್ಮುರಾದನ ಮನೆಯ ನೀಲಿ ಗೋಡೆ ಎರಡು ಮುಗಿಸಿ ಮೂರಕ್ಕೆ ಕಾಲಿಟ್ಟಿತ್ತು. ಅದಕ್ಕೆ ಒರಗಿ ನಿಂತ ನೆಂಟರೆಲ್ಲ ಬೆನ್ನಲ್ಲಿ ಆಕಾಶ ಹೊತ್ತುಕೊಂಡೇ ಮನೆಗೆ ಹೋಗುತ್ತಿದ್ದರು.

ಬರೀ ಮಾನದ ಪ್ರಶ್ನೆಯಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಅಂಗಡಿ ಹಾಕಿಕೊಟ್ಟವನು ಮಾವ. "ಈ ವಾರದೊಳಗೆ ಒಂದು ದೊಡ್ಡ ಆರ್ಡರ್ ತಂದು ತೋರ್ಸು. ಇಲ್ಲಾಂದ್ರೆ ಅಂಗಡಿಗೆ ಬೀಗ ಹಾಕಿ ನನ್ನ ಇಟ್ಟಿಗೆ ಗೂಡಿಗೆ ಬಾ, ಬೆಂಕಿ ನೋಡ್ಕೊಳ್ಳೋಕೆ ಜನ ಬೇಕು" ಎಂದು ಅಪ್ಪಣೆ ಕೊಡಿಸಿದ್ದ. ವಾರಕ್ಕೆ ಉಳಿದದ್ದು ನಾಳೆಯೊಂದೇ. ತೆರ್ಮಿಜ್‌ನ ಬೇಸಿಗೆ, ಅದರೊಳಗೆ ಇಟ್ಟಿಗೆ ಗೂಡು! ನೆನೆದರೇ ನೋರ್ಮುರಾದನಿಗೆ ಬೆವರು ಕಿತ್ತುಕೊಂಡು ಬರುತ್ತಿತ್ತು.

ಮರುದಿನ ಬೆಳಕು ಹರಿಯುವ ಮುಂಚೆಯೇ ಅಂಗಡಿಯಿಂದ ಡಬ್ಬಗಳು ಬಂದವು, ಏಣಿ ಬಂತು. "ಯಾರಿಗೂ ಗೊತ್ತಾಗ್ಬಾರ್ದು ಕಣೇ" ಎಂದ ಹೆಂಡತಿ ಓಯ್ಗುಲ್‌ಗೆ.

"ಈ ಕೇರೀಲಿ ನೀವು ಸೀನಿದ್ರೆ ಮೂರನೇ ಮನೆಯವರು ನೂರು ವರ್ಷ ಬಾಳು ಅಂತಾರೆ. ಗೋಡೆ ಬಳಿಯೋದು ಗುಟ್ಟಾಗಿರುತ್ತಾ?" ಎಂದಳು ಓಯ್ಗುಲ್.

ಅವಳು ಬಾಯಿ ಮುಚ್ಚುವಷ್ಟರಲ್ಲಿ, ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸುತ್ತಿದ್ದ ಪಕ್ಕದ ಮನೆಯ ಜುಮಗುಲ್ ಅಕ್ಕ ಪೊರಕೆ ಕೈಬಿಟ್ಟಳು.

"ಅಯ್ಯೋ ನೋರ್ಮುರಾದ್! ಗೋಡೆಗೆ ಬಣ್ಣ! ನಮಗೆ ಹೇಳ್ದೇ ಮದುವೆನಾ? ಮಗಳಿಗಾ?"

"ಮಗಳಿನ್ನೂ ತೊಟ್ಟಿಲಲ್ಲಿದ್ದಾಳೆ ಅಕ್ಕ!"

"ಹಾಗಾದ್ರೆ ನಿನಗೇನೋ? ಎರಡನೇದಾ?"

ಏಣಿಯ ಮೇಲಿದ್ದವನಿಗೆ ಬೇರೆ ದಾರಿ ಕಾಣದೆ, ಇದ್ದದ್ದನ್ನೆಲ್ಲ ಪಿಸುಗುಟ್ಟಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡ. ಅಷ್ಟು ಸಾಕಾಯಿತು. ಚಹಾ ಆರುವ ಮೊದಲೇ ಕೇರಿಗೆ ಕೇರಿಯೇ ಕುಂಚ ಹಿಡಿದು ಬಾಗಿಲಿಗೆ ಬಂದು ನಿಂತಿತು. ಒಬ್ಬರ ಮನೆಯ ಕೆಲಸವೆಂದರೆ ಎಲ್ಲರೂ ಕೈಹಚ್ಚುವುದು ಅಲ್ಲಿಯ ರೂಢಿ. ಬೇಡವೆನ್ನುವ ಹಾಗಿಲ್ಲ, ಬಂದವರಿಗೆ ಊಟ ಹಾಕದೆ ಕಳಿಸುವ ಹಾಗೂ ಇಲ್ಲ. ಓಯ್ಗುಲ್ ಹಲ್ಲು ಕಚ್ಚಿಕೊಂಡು ಅಕ್ಕಿ ನೆನೆಹಾಕಿದಳು.

ಕೇರಿಯ ಹಿರಿಯ ಚೋರಿ ಅಜ್ಜ ಹಿಪ್ಪುನೇರಳೆ ಮರದ ಕೆಳಗೆ ಚಹಾ ಹಿಡಿದು ಕುಳಿತು ದಂಡನಾಯಕನಾದ. "ಮೊದ್ಲು ಹಳೇ ಬಣ್ಣದ ಹಿಟ್ಟು ತೊಳೀರೋ! ಹಿಟ್ಟಿನ ಮೇಲೆ ಬಳಿದ್ರೆ ಮಧ್ಯಾಹ್ನಕ್ಕೇ ಉದುರುತ್ತೆ! ಏಯ್, ಅಲ್ಲಿ ಬಿಟ್ಟೆ! ಮೇಲೆ, ಮೇಲೆ!"

ಬಿಸಿಲು ಏರಿದಂತೆ ಕುಂಚಕ್ಕೆ ಹತ್ತಿದ ಬಣ್ಣ ಗೋಡೆ ಮುಟ್ಟುವ ಮೊದಲೇ ಗಟ್ಟಿಯಾಗತೊಡಗಿತು. ಒಬ್ಬ ನೀರು ಬೆರೆಸು ಎಂದ, ಇನ್ನೊಬ್ಬ ಬೇಡವೆಂದ, ಇಬ್ಬರೂ ಸೇರಿ ಡಬ್ಬವನ್ನು ನೋರ್ಮುರಾದನ ಹೊಸ ಚಪ್ಪಲಿಯ ಮೇಲೆ ಚೆಲ್ಲಿದರು. ಅಂತೂ ಗೋಡೆ ಮುಗಿಯಿತು. ಎಲ್ಲರೂ ಹಿಂದೆ ಸರಿದು ನೋಡಿದರು. ಗೋಡೆ ಥಳಥಳ ಹೊಳೆಯುತ್ತಿತ್ತು.

"ಕೆಟ್ಟೆವಲ್ಲೋ!" ಎಂದ ಚೋರಿ ಅಜ್ಜ. "ಏಳು ವರ್ಷದ ಗೋಡೆ ಮದುಮಗನ ಬೂಟಿನ ಹಾಗೆ ಹೊಳೆದ್ರೆ ಯಾವನು ನಂಬ್ತಾನೆ? ಆ ವಾಸನೆ ಬೇರೆ!"

ವಾಸನೆ ಮುಚ್ಚಲು ಜುಮಗುಲ್ ಅಕ್ಕ ಗೋಡೆಯ ಬುಡದಲ್ಲೇ ಒಲೆ ಹೂಡಿ, ಕುರಿಯ ಕೊಬ್ಬಿಗೆ ಈರುಳ್ಳಿ ಹಾಕಿ ಹುರಿದಳು. ಹೊಳಪಿಗೇನು ಮಾಡುವುದೆಂದು ಎಲ್ಲರೂ ಕಿತ್ತಾಡುತ್ತಿರುವಾಗಲೇ ಊರಂಚಿನ ನದಿಯಾಚೆಯಿಂದ, ಮರಳು ಹೊತ್ತು ಬರುವ ಅಫ್ಘಾನಿ ಗಾಳಿ ಎದ್ದಿತು. ಆಕಾಶ ಕೆಂಪಗಾಯಿತು. "ಓಡ್ರೋ!" ಎಂದು ಜನ ಮನೆಯೊಳಗೆ ನುಗ್ಗಿದರು. ಹೊರಗೆ ಮರಳು ಮೊಗೆದು ಎರಚಿದ ಹಾಗೆ ಸದ್ದು. ನೋರ್ಮುರಾದ್ ಕಿಟಕಿಗೆ ಹಣೆ ಒತ್ತಿಕೊಂಡು ಗೋಳಾಡಿದ. "ಹೋಯ್ತು! ಎಲ್ಲಾ ಹೋಯ್ತು! ಇನ್ನು ಗೂಡೇ ಗತಿ!"

ಗಾಳಿ ನಿಂತ ಮೇಲೆ ಚೋರಿ ಅಜ್ಜನೇ ಮೊದಲು ಹೊರಗೆ ಹೋಗಿ, ಗೋಡೆ ನೋಡಿ, ಕೋಲೆತ್ತಿ ಕುಣಿದುಬಿಟ್ಟ. "ದೇವರು ದೊಡ್ಡವನು! ಬನ್ರೋ, ಬಂದು ನೋಡ್ರೋ! ಅರ್ಧ ಗಂಟೇಲಿ ಏಳು ವರ್ಷ ಹಳೇದಾಗಿದೆ!"

ನಿಜವೇ! ಧೂಳು ಹದವಾಗಿ ಕಚ್ಚಿಕೊಂಡು ಹೊಳಪು ಇಳಿದಿತ್ತು, ಒಳಗಿನ ನೀಲಿ ಮಾತ್ರ ಗಟ್ಟಿಯಾಗಿ ನಿಂತಿತ್ತು. ಕೇರಿ ಕೇಕೆ ಹಾಕಿತು. ನೋರ್ಮುರಾದ್ ಸಿಕ್ಕಸಿಕ್ಕವರನ್ನು ತಬ್ಬಿಕೊಂಡ. ಅಜ್ಜ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿದ. "ಹೊರಗಿನವನು ಬಂದು ನಮ್ಮವನನ್ನ ಸುಳ್ಳುಗಾರ ಅಂದು ಹೋಗೋ ಹಾಗಿಲ್ಲ. ಯಾರು ಏನೇ ಕೇಳಲಿ, ಏಳು ವರ್ಷ! ತಿಳೀತಾ?"

ಸಂಜೆ ಸುವನ್‌ಕುಲನ ಕಾರು ಬಂದು ನಿಂತಿತು. ಆತ ಗೋಡೆಗೆ ಅಂಗೈ ಉಜ್ಜಿ ನೋಡಿದ, ಹಿಟ್ಟಿಲ್ಲ. ಉಗುರಿನಿಂದ ಕೆರೆದ, ಚಕ್ಕೆ ಏಳಲಿಲ್ಲ.

"ನಿಜವಾಗ್ಲೂ ಏಳು ವರ್ಷನಾ?"

"ನನ್ನ ಕಿರೀ ಮಗ ಹೊಟ್ಟೇಲಿದ್ದಾಗ ಬಳಿದದ್ದು ಸಾಹೇಬ್ರೆ, ಈಗ ಅವನು ಶಾಲೆಗೆ ಹೋಗ್ತಾನೆ" ಎಂದಳು ಜುಮಗುಲ್ ಅಕ್ಕ, ಕಣ್ಣು ಕೂಡ ಮಿಟುಕಿಸದೆ.

ಸುವನ್‌ಕುಲ್ ನಿಟ್ಟುಸಿರು ಬಿಟ್ಟ. "ಶಭಾಷ್! ಇಂಥ ಬಣ್ಣ ನಾನು ಕಂಡಿದ್ದಿಲ್ಲ. ಆದ್ರೆ ನನಗೆ ಬೇಡ."

"ಬೇ... ಬೇಡವಾ?"

"ನೋಡು ತಮ್ಮ, ಮನೆ ಕಟ್ಟೋದು ಒಂದೇ ಸಲ. ಆಮೇಲೆ ಆ ಬೀದಿಗೆಲ್ಲ ಬಣ್ಣ ಬಳಿಯೋ ಗುತ್ತಿಗೆಯೂ ನಂದೇ. ಗೋಡೆ ಮಾಸಿದ್ರೆ ತಾನೇ ನನ್ನ ಹೊಟ್ಟೆ ತುಂಬೋದು? ನಿನ್ನ ಬಣ್ಣ ಬಳಿದು ನಾನೇನು ನೊಣ ಹೊಡೀತಾ ಕೂರ್ಲಾ? ಬಸ್ ನಿಲ್ದಾಣದ ಹತ್ರ ಒಬ್ಬನ ಬಣ್ಣ ಎರಡೇ ಬೇಸಿಗೆಗೆ ಉದುರುತ್ತಂತೆ. ಬೀದಿಗೆಲ್ಲ ಅದನ್ನೇ ತಗೋತೀನಿ."

ನೋರ್ಮುರಾದನಿಗೆ ಗೂಡಿನ ಬೆಂಕಿ ಮುಖಕ್ಕೇ ಹೊಡೆದಂತಾಯಿತು. "ಸಾಹೇಬ್ರೆ! ನಂದೂ ಉದುರುತ್ತೆ! ದೇವರಾಣೆ ಉದುರುತ್ತೆ! ಎರಡೂ ಬೇಡ, ಒಂದೂವರೆ ಬೇಸಿಗೆ ಸಾಕು! ಇದು ಇವತ್ತು ಬೆಳಿಗ್ಗೆ ಬಳಿದದ್ದು, ನನ್ನ ಕೈ ನೋಡಿ!"

"ಬಣ್ಣದಂಗಡಿಯವನ ಕೈಯಲ್ಲಿ ಬಣ್ಣ ಇರದೆ ಸಕ್ಕರೆ ಇರುತ್ತಾ?"

"ಅಜ್ಜಾ, ನೀವಾದ್ರೂ ಹೇಳಿ! ಇವತ್ತೇ ಬಳಿದ್ವಿ ತಾನೇ?"

ಚೋರಿ ಅಜ್ಜ ಅವನತ್ತ ಕಣ್ಣು ಮಿಟುಕಿಸಿ, ಗಡ್ಡದ ಮೇಲೆ ಕೈಯಿಟ್ಟ. "ಈ ಬಿಳೀ ಗಡ್ಡದಾಣೆ ಸಾಹೇಬ್ರೆ, ಏಳು ವರ್ಷ." ಹಿಂದಿನಿಂದ ಇಡೀ ಕೇರಿ ಒಂದೇ ದನಿಯಲ್ಲಿ "ಏಳು ವರ್ಷ!" ಎಂದಿತು. ಜುಮಗುಲ್ ಅಕ್ಕ ಲೊಚಗುಟ್ಟಿ, "ಪಾಪ, ಬಿಸಿಲು ತಲೆಗೇರಿದೆ" ಎಂದಳು.

ಸುವನ್‌ಕುಲ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಆರ್ಡರ್‌ಗೋಸ್ಕರ ಒಳ್ಳೇ ಮಾಲನ್ನೇ ಕೆಟ್ಟದ್ದು ಅನ್ನೋ ವ್ಯಾಪಾರೀನ ಇವತ್ತೇ ನೋಡಿದ್ದು! ಹೋಗ್ಲಿ, ಬರಿಗೈಲಿ ಕಳಿಸಲ್ಲ ಬಿಡು. ಮಾರೋ ಮನೆ ಬೇರೆ, ನಾನು ಇರೋ ಮನೆ ಬೇರೆ. ನನ್ನ ಮನೆಗೆ ನಿನ್ನ ಬಣ್ಣವೇ! ಏಳು ವರ್ಷದೊಳಗೆ ಮಾಸಿದ್ರೆ ನೀನೇ ಬಂದು ನಿನ್ನ ಖರ್ಚಲ್ಲಿ ಬಳಿದುಕೊಡ್ಬೇಕು. ಹಿರಿಯರ ಮುಂದೆ ಮಾತಾಗ್ಲಿ."

ನೋರ್ಮುರಾದ್ ಬಾಯಿ ತೆರೆಯುವಷ್ಟರಲ್ಲಿ ಚೋರಿ ಅಜ್ಜ ಎರಡೂ ಅಂಗೈ ಎತ್ತಿಯಾಗಿತ್ತು. ಕೇರಿಯವರೆಲ್ಲ ಅಂಗೈ ಎತ್ತಿದರು. ಹಿರಿಯ ಆಮೀನ್ ಎಂದು ಮುಖ ಸವರಿಕೊಂಡ ಮೇಲೆ ಆ ಮಾತಿನಿಂದ ಹಿಂದೆ ಸರಿದವರು ಆ ಊರಲ್ಲಿ ಇಲ್ಲ.

"ಅಜ್ಜಾ, ಒಂದು ನಿಮಿಷ!" ಎಂದು ಚೀರಿದ ನೋರ್ಮುರಾದ್.

ಅಜ್ಜ ನಿಲ್ಲಿಸಿದ. ನೋರ್ಮುರಾದನ ಮುಖ ನೋಡಿದ. ಏನೋ ಹೊಳೆದಂತೆ ಕಣ್ಣರಳಿಸಿ, ಸುವನ್‌ಕುಲನತ್ತ ತಿರುಗಿದ.

"ಏಳು ಯಾಕೆ ಸಾಹೇಬ್ರೆ, ನಮ್ಮ ಹುಡುಗನ ಬಣ್ಣ ಅದು. ಹತ್ತು ಅಂತ ಇಟ್ಕೊಳ್ಳಿ! ಆಮೀನ್!"