ಡ್ರೈವರಮ್ಮ ಬರಲಿಲ್ಲ

ಕಥೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಹಾಸನ ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಲು ಆಧಾರವೂ ಇತ್ತು. ಚನ್ನರಾಯಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಕ್ರೀಡಾಕೂಟದಲ್ಲಿ ಮೈಕು ಕೆಟ್ಟರೆ ನನ್ನನ್ನು ಕರೆಯುತ್ತಿದ್ದರು. ಮೈಕು ರಿಪೇರಿ ಮಾಡಲು ಅಲ್ಲ, ಮೈಕಿನ ಬದಲಿಗೆ! ಖೋಖೋ ಪಂದ್ಯವನ್ನು ನಾನು ವರ್ಣಿಸುತ್ತಿದ್ದರೆ ಬಸ್ಸಿಗೆ ಹೊರಟವರೂ ನಿಂತು ಕೇಳುತ್ತಿದ್ದರು. ಇಂಥ ನನಗೆ ಒಂದು ಟೀವಿ ಧಾರಾವಾಹಿಯ ಕಥೆ ಹೇಳುವುದು ಯಾವ ಮಹಾ ಕೆಲಸ?

ನಿವೃತ್ತನಾಗಿ ಹಾಸನಕ್ಕೆ ಬಂದು ನೆಲೆಸಿದ ವರ್ಷವೇ ಕೊಣನೂರಿನಿಂದ ನನ್ನ ಭಾವ ರಂಗಪ್ಪನವರು ನಮ್ಮ ಮನೆಗೆ ಬಂದರು. ಅಕ್ಕನ ಗಂಡ. ಜೀವಮಾನವೆಲ್ಲ ಸರ್ಕಾರಿ ಬಸ್ಸು ಓಡಿಸಿದವರು. ಅಕ್ಕ ತೀರಿಕೊಂಡು ಏಳು ವರ್ಷವಾಗಿತ್ತು, ಮಕ್ಕಳಿಲ್ಲ. ಈಗ ಎರಡು ಕಿಡ್ನಿಯೂ ಕೈಕೊಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಡಯಾಲಿಸಿಸ್. ಐದು ಹಾಸಿಗೆಗಳ ಒಂದು ಕೋಣೆ, ಐದು ಮೆಷಿನ್ನು. ಮೂರನೇ ಹಾಸಿಗೆ ಭಾವನದು, ಪಕ್ಕದ ಸ್ಟೂಲು ನನ್ನದು. ನಾಲ್ಕು ಗಂಟೆ ಅಲ್ಲಾಡುವಂತಿಲ್ಲ.

ಎರಡು ವಾರವಾದ ಮೇಲೆ ಭಾವ ಚಾವಣಿ ನೋಡುತ್ತಾ ಹೇಳಿದರು:

"ಮೇಷ್ಟ್ರೇ, ಅಷ್ಟು ವರ್ಷ ಸೀಟಲ್ಲಿ ಕೂತೇ ಇದ್ದೆ. ಒಂದಿನ ಬೇಜಾರಾಗ್ಲಿಲ್ಲ. ಅಲ್ಲಿ ಮುಂದ್ಗಡೆ ರೋಡು ಓಡ್ತಿತ್ತು. ಇಲ್ಲಿ ಏನೂ ಓಡಲ್ವಲ್ಲಯ್ಯ!"

ಮನೆಗೆ ಬಂದು ನನ್ನ ಹೆಂಡತಿ ಸುಜಾತಳಿಗೆ ಇದನ್ನು ಹೇಳಿದೆ. ಅವಳು ವಿಜ್ಞಾನದ ಟೀಚರಾಗಿದ್ದವಳು. ಫೋನಿನಲ್ಲಿ ಒಂದು ಇಂಗ್ಲಿಷ್ ಧಾರಾವಾಹಿಯನ್ನು ಎರಡನೇ ಸಲ ನೋಡುತ್ತಿದ್ದಳು. ಐದು ಸೀಸನ್ನು, ಅರವತ್ತು ಕಂತು. ಭೂಮಿಯಲ್ಲಿ ನೀರು ಮುಗಿದು ಒಂದಷ್ಟು ಸಾವಿರ ಜನ ದೊಡ್ಡ ಅಂತರಿಕ್ಷ ಹಡಗಿನಲ್ಲಿ ಬೇರೊಂದು ನಕ್ಷತ್ರಕ್ಕೆ ಹೊರಡುತ್ತಾರೆ. ದಾರಿ ಎಷ್ಟು ದೂರವೆಂದರೆ, ಹತ್ತಿದವರು ಯಾರೂ ತಲುಪುವುದಿಲ್ಲ. ಮರಿಮಕ್ಕಳು ತಲುಪಬೇಕು.

"ಇದನ್ನ ರಂಗಪ್ಪಣ್ಣನಿಗೆ ಹೇಳಿ ರೀ," ಎಂದಳು. "ವಾರಕ್ಕೊಂದು ಕಂತಿನಂತೆ ಹೇಳಿದರೆ ಒಂದು ವರ್ಷಕ್ಕೆ ಸಾಕಾಗುವಷ್ಟಿದೆ. ಆದರೆ ಒಂದು ಕಂತೂ ಬಿಡಬೇಡಿ. ಅರ್ಥವಾಗದಿದ್ದರೆ ನನ್ನ ಕೇಳಿ."

ಹೆಂಡತಿಯನ್ನು ಕೇಳುವುದೇ? ನಾನೇ? ಪರದೆಯ ಕೆಳಗೆ ಮಾತುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತಿದ್ದವಲ್ಲ! ನನ್ನ ಇಂಗ್ಲಿಷ್ 'ಅಟೆನ್ಷನ್'ನಲ್ಲಿ ಶುರುವಾಗಿ 'ಸ್ಟ್ಯಾಂಡ್ ಅಟ್ ಈಸ್'ಗೆ ಮುಗಿಯುತ್ತದೆ ಎಂಬ ಸಂಗತಿ ಆ ಕ್ಷಣಕ್ಕೆ ನೆನಪಾಗಲಿಲ್ಲ.

ಸೋಮವಾರ ಮೊದಲ ಕಂತನ್ನು ಆರಂಭಿಸಿದೆ. ಹಡಗು ಭೂಮಿ ಬಿಟ್ಟು ಮೇಲೇರುವ ದೃಶ್ಯವನ್ನು ನನ್ನ ಕ್ರೀಡಾಕೂಟದ ದನಿಯಲ್ಲಿ ವರ್ಣಿಸಿದೆ. ಕೊನೆಯ ಹಾಸಿಗೆಯವರ ಬಿಪಿ ಏರಿತು. ನರ್ಸಮ್ಮ ಓಡಿಬಂದು, "ಸಾರ್, ಇದು ಆಸ್ಪತ್ರೆ, ಸ್ಟೇಡಿಯಂ ಅಲ್ಲ!" ಎಂದರು. ದನಿ ತಗ್ಗಿಸಿದೆ. ಆಗ ಪಕ್ಕದ ಹಾಸಿಗೆಯ ಶಾರದಮ್ಮ ಎದ್ದುಕೂರಲು ನೋಡಿದರು. ಹೊಳೆನರಸೀಪುರದ ಕಡೆಯ ಹೆಂಗಸು, ಮನೆಯಲ್ಲಿ ಹತ್ತು ಎಮ್ಮೆ ಕಟ್ಟಿದವರು.

"ಕೇಳುಸ್ತಿಲ್ಲ ಸಾ. ವಸಿ ಜೋರಾಗೇಳಿ, ಮೊದ್ಲಿಂದ!"

ಮೊದಲಿಂದ ಹೇಳಿದೆ. ಹೀಗೆ ಇಡೀ ಕೋಣೆ ಹಡಗು ಹತ್ತಿತು.

ಭಾವನಿಗೆ ಯುದ್ಧ, ಸಿಡಿತ ಇವೆಲ್ಲ ಬೇಡ. ಅವರ ಪ್ರಶ್ನೆಗಳೇ ಬೇರೆ. ಡೀಸೆಲ್ ಎಲ್ಲಿ ಹಾಕಿಸುತ್ತಾರೆ? ಡ್ಯೂಟಿ ಎಷ್ಟು ಗಂಟೆಗೆ ಬದಲಾಗುತ್ತದೆ? ಟೈರಿಲ್ಲದ ಗಾಡಿಗೆ ಬ್ರೇಕು ಹೇಗೆ? ಹಡಗಿನ ಕ್ಯಾಪ್ಟನ್ ಒಬ್ಬ ಹೆಂಗಸು ಎಂದು ಕೇಳಿ ಅವರಿಗೆ ಭಾರೀ ಖುಷಿಯಾಯಿತು. "ಡ್ರೈವರಮ್ಮ" ಎಂದು ಹೆಸರಿಟ್ಟರು. ಇಂಗ್ಲಿಷಿನವರು ಇಟ್ಟ ಹೆಸರನ್ನು ಆಮೇಲೆ ಯಾರೂ ಕೇಳಲಿಲ್ಲ.

"ಅತ್ತಿದೋರು ಯಾರೂ ಇಳಿಯಲ್ಲ ಅಂತ ಗೊತ್ತಿದ್ದೂ ಓಡುಸ್ತಾಳಲ್ಲ! ನಮ್ ಡಿಪೋದಲ್ಲಿ ಅಂಥೋಳು ಒಬ್ಳೂ ಇರ್ಲಿಲ್ಲ ಕಣಯ್ಯ," ಎಂದರು.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಸುಸೂತ್ರವಾಗಿ ನಡೆಯುವುದನ್ನು ಕೆಡಿಸಲೆಂದೇ ದೇವರು ನನಗೆ ಬುದ್ಧಿ ಕೊಟ್ಟಿದ್ದಾನೆ. ಮೊದಲ ಸೀಸನ್ನಿನ ನಡುವೆ ಒಂದು ಕಂತು ಬಂತು. ಅದರಲ್ಲಿ ಏನೂ ನಡೆಯುವುದಿಲ್ಲ! ಒಬ್ಬ ಮುದುಕ ಮೆಕ್ಯಾನಿಕ್ ಮುಕ್ಕಾಲು ಗಂಟೆ ಒಂದು ಬಾಗಿಲಿನ ಬೋಲ್ಟು ಬಿಗಿಮಾಡುತ್ತಾನೆ. ಇದನ್ನು ಹೇಳಿ ರೋಗಿಗಳಿಗೆ ಕಷ್ಟ ಕೊಡುವುದೇಕೆ ಎಂದು ಹಾರಿಸಿಬಿಟ್ಟೆ. ನಾಲ್ಕು ಕಂತಿನ ನಂತರ ಹಡಗಿಗೆ ಬೆಂಕಿ ಬಿತ್ತು. ಜನರನ್ನು ಉಳಿಸಿದ್ದು ಆ ಬಾಗಿಲು!

"ಅದ್ಯಾವ ಬಾಗ್ಲು?" ಎಂದು ಐದೂ ಹಾಸಿಗೆಯಿಂದ ಪ್ರಶ್ನೆ ಬಂತು. ತಪ್ಪೊಪ್ಪಿಕೊಂಡು ಹಿಂದಕ್ಕೆ ಹೋದೆ. ಆಶ್ಚರ್ಯವೆಂದರೆ, ಆ ಬೋಲ್ಟಿನ ಕಂತನ್ನು ಭಾವ ಕಣ್ಣು ಮಿಟುಕಿಸದೆ ಕೇಳಿದರು.

"ನಡುವೆ ಸ್ಟಾಪ್ ಬುಟ್ಟು ಬಂದಿದ್ಯಲ್ಲ ಮೇಷ್ಟ್ರೇ! ಡ್ಯೂಟಿ ಅಂದ್ರೆ ಇದೇ ಕಣಯ್ಯ. ಯಾರೂ ನೋಡ್ದೆ ಇರೋ ಬೋಲ್ಟು ಬಿಗಿಯಾದು."

ಬೇಜಾರಿನ ಕಂತು ಯಾವುದು, ಮುಖ್ಯವಾದ ಕಂತು ಯಾವುದು ಎಂಬುದು ನನಗೆ ಗೊತ್ತಾಗುವುದಿಲ್ಲ ಎಂದು ಅಂದೇ ತಿಳಿದುಕೊಳ್ಳಬೇಕಿತ್ತು. ತಿಳಿದುಕೊಳ್ಳಲಿಲ್ಲ.

ಎರಡನೇ ಸೀಸನ್ನಿನ ಕೊನೆಯಲ್ಲಿ ಡ್ರೈವರಮ್ಮ ಏನೋ ರಿಪೇರಿಗೆಂದು ಪುಟ್ಟ ಗಾಡಿಯೊಂದರಲ್ಲಿ ಹಡಗಿನ ಹೊರಗೆ ಹೋದಳು. ರೇಡಿಯೋ ಗೊರಗೊರ ಎಂದು ನಿಂತುಹೋಯಿತು. ಒಳಗಿದ್ದವನೊಬ್ಬ 'ವಿ ಲಾಸ್ಟ್ ಹರ್' ಎಂದ. ಎಲ್ಲರೂ ತಲೆತಗ್ಗಿಸಿದರು. ಲಾಸ್ಟ್ ಎಂದರೆ ನನಗೆ ಚೆನ್ನಾಗಿ ಗೊತ್ತು. ಶಾಲೆಯಲ್ಲಿ ಕೊಡೆ, ಟಿಫನ್ ಡಬ್ಬಿ ಲಾಸ್ಟ್ ಆಗುತ್ತಿದ್ದವು. ಮೂರು ದಿನದೊಳಗೆ ಎಲ್ಲಾದರೂ ಸಿಗುತ್ತಿದ್ದವು. ಆದ್ದರಿಂದ ಬುಧವಾರ ಘೋಷಿಸಿದೆ:

"ಡ್ರೈವರಮ್ಮ ದಾರಿ ತಪ್ಪಿಸಿಕೊಂಡಿದ್ದಾಳೆ! ಕಳೆದುಕೊಂಡೆವಲ್ಲ ಎಂದು ಎಲ್ಲರಿಗೂ ನಾಚಿಕೆಯಾಗಿದೆ. ಹುಡುಕುತ್ತಿದ್ದಾರೆ!"

ಹುಡುಕಾಟ ಕಂತಿನಿಂದ ಕಂತಿಗೆ ಬೆಳೆಯಿತು. ಧಾರಾವಾಹಿಯಲ್ಲಿ ಯಾರೂ ಅವಳನ್ನು ಹುಡುಕುತ್ತಲೇ ಇರಲಿಲ್ಲ. ಅಷ್ಟು ದೊಡ್ಡ ಅಧಿಕಾರಿಯ ಬಗ್ಗೆ ಇವರಿಗೆ ಇಷ್ಟು ಅಸಡ್ಡೆಯೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಭಾವ, "ಸುಜಾತಾ, ಡ್ರೈವರಮ್ಮ ಎಲ್ಲಿಗೆ ಬಂದ್ಲವ್ವ?" ಎಂದು ಕೇಳಿದರು. ಸುಜಾತ ನನ್ನ ಮುಖ ನೋಡಿದಳು. ಸಾರಿನ ನೆಪ ಮಾಡಿ ನನ್ನನ್ನು ಅಡುಗೆಮನೆಗೆ ಕರೆದಳು.

"ಅವಳು ಸತ್ತು ಎಷ್ಟು ಕಂತಾಯ್ತು ರೀ! ನೀವೇನು ಹೇಳ್ತಾ ಇದ್ದೀರಿ ಅಲ್ಲಿ?"

ನಾನು ಸೌಟು ಹಿಡಿದು ನಿಂತೆ. ಆ ವಾರವಷ್ಟೇ ಕೊನೆಯ ಹಾಸಿಗೆಯವರು ತೀರಿಕೊಂಡು ಅಲ್ಲಿಗೆ ಹೊಸಬರು ಬಂದಿದ್ದರು. ಅದರ ಬಗ್ಗೆ ಕೋಣೆಯಲ್ಲಿ ಯಾರೂ ಒಂದು ಮಾತೂ ಆಡಿರಲಿಲ್ಲ. ಅಂಥ ಕಡೆ ಹೋಗಿ, ಎಲ್ಲರೂ ಕಾಯುತ್ತಿರುವವಳು ಸತ್ತಳು ಎನ್ನುವುದು ಹೇಗೆ? ಹಾಗಾಗಿ ನಾನೊಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ಡ್ರೈವರಮ್ಮನನ್ನು ಬದುಕಿಸಿಕೊಳ್ಳುವುದು!

ಅಂದಿನಿಂದ ಎರಡು ಕಥೆ ನಡೆಸಬೇಕಾಯಿತು. ಹಡಗಿನದು ಇಂಗ್ಲಿಷಿನವರದು, ಡ್ರೈವರಮ್ಮನದು ನನ್ನದು. ಅವಳನ್ನು ಒಂದು ಬೋಳು ಗ್ರಹದ ಮೇಲೆ ಇಳಿಸಿದೆ.

"ಊಟಕ್ಕೇನು ಮಾಡ್ತಾಳೆ ಸಾ?" ಶಾರದಮ್ಮ ಕೇಳಿದರು.

"ಹಿಟ್ಟಿನ ಡಬ್ಬಿ ಇದೆ."

"ನೀರು?"

ಬಾವಿ ಕೊಟ್ಟೆ. ಬಾವಿ ಇದ್ದ ಮೇಲೆ ಹಗ್ಗ ಬೇಕು, ಕೊಟ್ಟೆ. ಒಬ್ಬಳೇ ಇರಲಾರಳು ಎಂದು ಒಂದು ನಾಯಿ ಕೊಟ್ಟೆ. ಅಂತರಿಕ್ಷದಲ್ಲಿ ನಾಯಿ ಎಲ್ಲಿಂದ ಬಂತೆಂದು ನರ್ಸಮ್ಮ ಕೇಳಿದರು. ಅದಕ್ಕೆ ಆರು ಕಾಲಿದೆ ಎಂದು ಹೇಳಿ ಪಾರಾದೆ! ಶಾರದಮ್ಮ ಮಾತ್ರ ಕಣ್ಣು ಮುಚ್ಚಿ ಕೈ ಮುಗಿದರು.

"ಆ ತಾಯಿ ಸುಕ್ವಾಗಿ ಬಂದ್ಬುಟ್ರೆ ಹಾಸನಾಂಬೆ ಬಾಗ್ಲು ತೆಗ್ದಾಗ ಹಣ್ಣುಕಾಯಿ ಮಾಡುಸ್ತೀನಿ ಅಂತ ಹೇಳ್ಕಂಡಿವ್ನಿ ಸಾ."

ಕೆಲವು ದಿನಗಳಿಂದ ಭಾವ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದ್ದರು.

ಅಂದು ಮೆಷಿನ್ನಿನಿಂದ ಬಿಡಿಸಿಕೊಂಡು ಆಸ್ಪತ್ರೆಯ ಮುಂದಿನ ಬೆಂಚಿನಲ್ಲಿ ಆಟೋಗೆ ಕಾಯುತ್ತಿದ್ದೆವು. ಭಾವ ತೋಳಿನ ಮೇಲಿನ ಹತ್ತಿ ಒತ್ತಿ ಹಿಡಿದಿದ್ದರು.

"ಮೇಷ್ಟ್ರೇ, ಡ್ರೈವರಮ್ಮ ಸತ್ತೋಗವ್ಳೆ ಅಲ್ವಾ?"

"ಛೆ, ಇಲ್ಲ ಭಾವ. ಬರ್ತಾಳೆ. ಸ್ವಲ್ಪ..."

"ನಿಮ್ಮಕ್ಕ ತೀರ್ಕಂಡಾಗ್ಲೂ ನೀನು ಇಂಗೇ ಮಾಡ್ದೆ."

ಅವರ ದನಿಯಲ್ಲಿ ಕೋಪವಿರಲಿಲ್ಲ. ರಸ್ತೆ ನೋಡುತ್ತಾ ಹೇಳಿದರು.

"ನಾನು ಮೈಸೂರಲ್ಲಿ ಡ್ಯೂಟಿ ಮೇಲಿದ್ದೆ. 'ಸೀರಿಯಸ್ಸಾಗವ್ಳೆ, ಬೇಗ ಬನ್ನಿ' ಅಂತ ಫೋನ್ ಮಾಡ್ದೆ ನೀನು. ಬಸ್ಸಲ್ಲಿ ಕೂತ್ಕಂಡು ದಾರಿ ಉದ್ದಕ್ಕೂ ಯೋಚ್ನೆ ಮಾಡ್ದೆ ಕಣಯ್ಯ. ಯಾವ ಡಾಕ್ಟ್ರಿಗೆ ತೋರ್ಸಾದು, ಯಾವ ಆಸ್ಪತ್ರೆಗೆ ಸೇರ್ಸಾದು ಅಂತ. ನಡುವೆ ಬಸ್ಸು ನಿಂತಾಗ ಇಳ್ದು ಎರಡು ಎಳನೀರು ತಕ್ಕಂಡೆ. ಅವ್ಳಿಗೆ ಬಾಯಾರ್ಕೆ ಆಯ್ತದೆ ಅಂತ. ಮನೆ ಹತ್ರ ಬಂದು ನೋಡುದ್ರೆ ಬಾಗ್ಲು ಮುಂದೆ ಸೌದೆ ಹಾಕಿ ಬೆಂಕಿ ಹಚ್ಚವ್ರೆ. ಆ ಎಳನೀರ ಎಲ್ಲಿಡ್ಬೇಕು ಅಂತ ಗೊತ್ತಾಗ್ಲಿಲ್ಲ ನಂಗೆ. ಅಂಗೇ ಇಡ್ಕಂಡು ನಿಂತಿದ್ದೆ."

ನಾನು ಆ ಫೋನು ಮಾಡಿದ್ದು ಒಳ್ಳೆಯ ಕೆಲಸವೆಂದೇ ಏಳು ವರ್ಷ ಅಂದುಕೊಂಡಿದ್ದೆ. ಪ್ರಯಾಣದಲ್ಲಿರುವವರಿಗೆ ಆಘಾತವಾಗದಂತೆ ಎಷ್ಟು ಜಾಣತನದಿಂದ ಸುದ್ದಿ ಮುಟ್ಟಿಸಿದೆ ಎಂದು ಕೆಲವರ ಹತ್ತಿರ ಹೇಳಿಕೊಂಡೂ ಇದ್ದೆ.

"ತಪ್ಪಾಯ್ತು ಭಾವ," ಎಂದೆ. ಮೈಕಿನ ಬದಲಿಗೆ ಕರೆಯುತ್ತಿದ್ದ ಗಂಟಲು ಅದು. ಅವರಿಗೆ ಕೇಳಿಸಿತೋ ಇಲ್ಲವೋ!

"ಬರಲ್ಲ ಅಂದ್ರೆ ಬರಲ್ಲ ಅನ್ನು. ಸತ್ತೋರಿಗೆ ಕಾಯಾದು ಬಲೇ ಕಷ್ಟ," ಎಂದರು. ಆಟೋ ಬಂತು.

ಶುಕ್ರವಾರ ಕೋಣೆಯ ನಡುವೆ ನಿಂತು ತಪ್ಪೊಪ್ಪಿಕೊಂಡೆ. ಡ್ರೈವರಮ್ಮ ಇಲ್ಲ. ಗ್ರಹ ಇಲ್ಲ, ಬಾವಿ ಇಲ್ಲ, ಆರು ಕಾಲಿನ ನಾಯಿಯೂ ಇಲ್ಲ.

"ಯಾವಾಗ ಸತ್ಲು?" ಎಂದರು ಶಾರದಮ್ಮ.

"ಎರಡು ತಿಂಗಳಾಯ್ತು."

"ಎರಡು ತಿಂಗ್ಳಿಂದ ಸತ್ತೋಳಿಗೆ ನನ್ ಕೈಲಿ ಹರಕೆ ಹೊರ್ಸಿದ್ಯಾ?" ಬಹುವಚನ ಹೋಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು. ಎರಡು ಸಲದ ಡಯಾಲಿಸಿಸ್ ಮುಗಿಯುವ ತನಕ ತಿರುಗಲೇ ಇಲ್ಲ. ಮೂರನೇ ಸಲ ಗೋಡೆಯನ್ನೇ ನೋಡುತ್ತಾ ಕೇಳಿದರು:

"ಅಂಗಾರೆ ಈಗ ಗಾಡಿ ಯಾರು ಓಡುಸ್ತಾವ್ರೆ?"

ಅಂದಿನಿಂದ ಸುಜಾತಳ ಪಕ್ಕದಲ್ಲಿ ಕೂತು, ಅವಳನ್ನು ಕೇಳಿ ಕೇಳಿ ನೋಡಿದೆ. ಮೂರನೇ ಸೀಸನ್ನಿಡೀ ಕ್ಯಾಪ್ಟನ್ನಿನ ಕುರ್ಚಿ ಖಾಲಿ. ಡ್ರೈವರಮ್ಮನ ಜಾಗಕ್ಕೆ ಬಂದವನು ಪಕ್ಕದಲ್ಲಿ ನಿಂತುಕೊಂಡೇ ಹಡಗು ನಡೆಸುತ್ತಾನೆ, ಅದರಲ್ಲಿ ಕೂರುವುದಿಲ್ಲ. ಒಬ್ಬನೂ ಅದರ ಬಗ್ಗೆ ಭಾಷಣ ಮಾಡುವುದಿಲ್ಲ. ಅದನ್ನು ನಾನು ಮೊದಲು ಗಮನಿಸಿಯೇ ಇರಲಿಲ್ಲ.

"ಸಿನಿಮಾದಲ್ಲಿ ಸತ್ತರೆ ಎರಡು ಗಂಟೆಯ ಪರಿಚಯದವಳು ಸತ್ತ ಹಾಗೆ," ಎಂದಳು ಸುಜಾತ. "ಇವಳ ಜೊತೆ ನಾವು ಎಷ್ಟು ದಿನ ಇದ್ದೆವು ನೋಡಿ. ಅದಕ್ಕೇ ಬರೀ ಕುರ್ಚಿ ತೋರಿಸಿದರೂ ಸಾಕು."

ಖಾಲಿ ಕುರ್ಚಿಯ ವಿಷಯ ಹೇಳಿದ ದಿನ ಭಾವ, "ಸೀರಿಯಲ್ಲು ಸರಿಯಾಗಿ ತೆಗ್ದವ್ರೆ," ಎಂದಷ್ಟೇ ಅಂದರು.

ಐದನೇ ಸೀಸನ್ನು ಅರ್ಧವಾಗಿತ್ತು. ಒಂದು ಭಾನುವಾರ ಬೆಳಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟ ಭಾವ ಹಾಗೇ ಗೋಡೆಗೆ ಒರಗಿದರು. ಮತ್ತೆ ಏಳಲಿಲ್ಲ. ಕೊಣನೂರಿನಲ್ಲಿದ್ದ ಅವರ ತಮ್ಮನಿಗೆ ಫೋನು ಮಾಡಿದೆ. 'ಸೀರಿಯಸ್ಸು' ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡು, "ನಿಮ್ಮಣ್ಣ ಹೋಗಿಬಿಟ್ಟರು," ಎಂದೆ. ಇಡೀ ವ್ಯವಹಾರದಲ್ಲಿ ನಾನು ಸರಿಯಾಗಿ ಹೇಳಿದ್ದು ಅದೊಂದೇ.

ತಿಥಿ ಮುಗಿಸಿಕೊಂಡು ಬಂದ ಮೇಲೆ ಶಾರದಮ್ಮನಿಂದ ಫೋನು ಬಂತು. "ರಂಗಪ್ಪಣ್ಣಂಗಂತೂ ಕೇಳಕಾಗ್ಲಿಲ್ಲ. ನಾವಿನ್ನೂ ಇದೀವಿ ಸಾ. ಕೊನೆ ಏನಾಯ್ತದೆ ಅಂತ ಹೇಳ್ಬುಟ್ಟೋಗಿ."

ಉಳಿದ ಕಂತುಗಳನ್ನೆಲ್ಲ ಎರಡೆರಡು ಸಲ ನೋಡಿದೆ. ಟಿಪ್ಪಣಿ ಬರೆದುಕೊಂಡೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸುಜಾತಳನ್ನೂ ಕರೆದುಕೊಂಡು ಹೋದೆ. ಮೂರನೇ ಹಾಸಿಗೆಯಲ್ಲಿ ಅರಕಲಗೂಡಿನವರೊಬ್ಬರು ಮಲಗಿದ್ದರು. ಮುಖದ ಮೇಲೆ ಮೊದಲ ವಾರದ ದಿಗಿಲು. ಸ್ಟೂಲಿನ ಮೇಲೆ ಕೂತು ಗಂಟಲು ಸರಿಮಾಡಿಕೊಂಡೆ.

"ಹಡಗು ಈಗ..." ಎಂದೆ.

ಅಷ್ಟೇ. ಮುಂದಕ್ಕೆ ಬರಲಿಲ್ಲ. ತಾಲ್ಲೂಕಿಗೇ ಕೇಳಿಸುತ್ತಿದ್ದ ದನಿ ಐದು ಹಾಸಿಗೆಗೂ ಮುಟ್ಟಲಿಲ್ಲ.

ಸುಜಾತ ನನ್ನ ಭುಜ ಮುಟ್ಟಿ ಎಬ್ಬಿಸಿ ತಾನು ಕೂತಳು. ಮೆಲ್ಲಗೆ ಹೇಳಿದಳು. ಕೈಯಾಡಿಸಲಿಲ್ಲ, ಎದ್ದು ನಿಲ್ಲಲಿಲ್ಲ. ಹಡಗು ಇನ್ನೂ ತಲುಪಿರುವುದಿಲ್ಲ, ಅಷ್ಟರಲ್ಲೇ ಧಾರಾವಾಹಿ ಮುಗಿಯುತ್ತದೆ. ದಾರಿಯಲ್ಲೇ ಹುಟ್ಟಿದ ಒಂದು ಕೂಸನ್ನು ಎತ್ತಿಕೊಂಡು ಕಿಟಕಿಯಲ್ಲಿ ಆ ನಕ್ಷತ್ರವನ್ನು ತೋರಿಸುತ್ತಾರೆ, ಅಷ್ಟೇ. ನರ್ಸಮ್ಮ ಬಾಗಿಲಲ್ಲೇ ನಿಂತು ಕೇಳಿದರು. ಅರಕಲಗೂಡಿನವರು ನನ್ನ ಕಡೆ ತಿರುಗಿ, "ಮೊದ್ಲಿಂದ ಹೇಳ್ತಾರಾ?" ಎಂದು ಕೇಳಿದರು.

ಶಾರದಮ್ಮ ಮೂಗು ಒರೆಸಿಕೊಂಡರು.

"ಎಷ್ಟು ಚಂದಾಗೇಳ್ತೀರವ್ವ! ಮೊದ್ಲಿಂದ ನೀವೇ ಬರ್ಬಾರ್ದಿತ್ತಾ? ಈ ಸಾ ಒಂದು ವರ್ಷ ನಮ್ ತಲೆ ತಿಂದ್ಬುಟ್ರಲ್ಲ!"

ಈಗ ವಾರಕ್ಕೊಂದು ದಿನ ಸುಜಾತ ಅಲ್ಲಿಗೆ ಹೋಗಿ ಮೊದಲಿಂದ ಹೇಳುತ್ತಿದ್ದಾಳೆ. ನಾನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಒಳಗೆ ಕೂರಬಹುದು, ಆದರೆ ಬಾಯಿ ತೆರೆಯಬಾರದು ಎಂದು ಶಾರದಮ್ಮನವರ ಆಜ್ಞೆಯಾಗಿದೆ. ಬಾಯಿ ತೆರೆಯದೆ ಕೂರುವುದು ಕಷ್ಟವೇನಲ್ಲ. ಮೂರನೇ ಹಾಸಿಗೆಯ ಕಡೆ ನೋಡದೆ ಕೂರಬೇಕು, ಅದು ನನಗೆ ನಾನೇ ಕೊಟ್ಟುಕೊಂಡ ಡ್ರಿಲ್ಲು. ಮೂವತ್ತು ವರ್ಷದ ಡ್ರಿಲ್ ಮೇಷ್ಟ್ರಿಗೆ ಅಷ್ಟೂ ಬರುತ್ತಿಲ್ಲ!